ಹಸಿರು ಬೆನ್ನಿನ ಹೆಂಗಸು

ಹೊಳಲ್ಕೆರೆ
೧೯-೧೧-೨೦೨೪

ಮಗಳು ಸ್ವಾತಿಗೆ ಅವ್ವನ ಆಶೀರ್ವಾದ.

ಕಾಗದ ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನ್ ಮಾಡಿದರೆ ಅಳಿಯಂದಿರೇ ಎತ್ತಿ, "ಮಲಗವ್ಳೆ ಅತ್ತೆ" ಅನ್ನುತ್ತಾರೆ. ಹಾಡುಹಗಲೇ ಅದೆಂಥ ನಿದ್ದೆಯೇ ನಿನಗೆ? ಅದಕ್ಕೇ ಕೆಲಸಕ್ಕೆಂದು ದುರ್ಗಕ್ಕೆ ಬರುವ ಪಕ್ಕದ ಮನೆ ಜಯಕ್ಕನ ಕೈಲಿ ಇದನ್ನು ನೀನು ಡ್ರಾಯಿಂಗ್ ಕಲಿಸುವ ಸ್ಕೂಲಿಗೇ ಕಳಿಸುತ್ತಿದ್ದೇನೆ.

ಹೋದ ವಾರ ಶರಣ್ ಬಂದಿದ್ದರು. ಕೊಟ್ಟ ಕಾಫಿ ಮುಟ್ಟಲಿಲ್ಲ. "ಅತ್ತೆ, ನಿಮ್ಮ ಬೆತ್ತಲೆ ಮೈ ಬರೆದು ದುರ್ಗದಾಗೆ ಗೋಡೆಗೆ ಹಾಕವ್ಳೆ. ನೀವೇ ಹೇಳಿ ತೆಗೆಸ್ರಿ" ಅಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ನಿನ್ನೆ ನಿನಗೆ ಹೇಳದೆ ದುರ್ಗದ ಆ ಚಿತ್ರ ಪ್ರದರ್ಶನಕ್ಕೆ ಹೋಗಿ ಬಂದೆ. ಕ್ಯಾಲೆಂಡರಿನ ದೇವರು ಬಿಟ್ಟರೆ ನನಗೆ ಯಾವ ಚಿತ್ರ ತಿಳಿಯುತ್ತದೆ? ಬಾಗಿ ಕೂತ ಹೆಂಗಸು, ಮೈಮೇಲೆ ನೂಲೆಳೆ ಇಲ್ಲ, ಮುಖ ಸೊಟ್ಟ, ಬೆನ್ನು ತೋಳೆಲ್ಲ ಹಸಿರು, ನೇರಳೆ, ಹಳದಿ. ಅಲ್ಲಿದ್ದ ಹುಡುಗಿ, "ಇದು ಎಕ್ಸ್‌ಪ್ರೆಷನಿಸಂ ಅಜ್ಜಿ. ಕಂಡಂಗೆ ಬರಿಯಲ್ಲ, ಒಳಗೆ ಅನಿಸಿದಂಗೆ ಬರೀತಾರೆ. ಹಸಿರು ಮೈ ಯಾರಿಗೈತೆ ಹೇಳ್ರಿ?" ಅಂದಳು. ಪಾಪ, ಅವಳಿಗೇನು ಗೊತ್ತು. ಬೆಲ್ಟಿನ ಏಟು ಅವತ್ತಿಗೆ ಕೆಂಪು, ಮಾರನೆ ದಿನ ನೇರಳೆ, ಐದಾರು ದಿನಕ್ಕೆ ಹಸಿರು, ಆಮೇಲೆ ಹಳದಿ. ನಿಮ್ಮಪ್ಪ ಹೊಡೆದಾಗೆಲ್ಲ ಬಿಸಿ ಉಪ್ಪಿನ ಗಂಟು ಹಿಡಿದು ನನ್ನ ಬೆನ್ನಿಗೆ ಶಾಖ ಕೊಟ್ಟವಳು ನೀನು. ಆರು ವರ್ಷದ ಕೂಸು, ಮರೆತಿರುತ್ತದೆ ಅಂದುಕೊಂಡಿದ್ದೆ. ನಿನ್ನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ಸತ್ತು ಹನ್ನೊಂದು ವರ್ಷವಾದವರನ್ನು ಈಗ್ಯಾಕೆ ಬೀದಿಗೆ ಎಳೆಯುತ್ತೀ? ಆ ಚಿತ್ರ ಇಳಿಸಿ ಹರಿದುಹಾಕು. ಶರಣ್ ಸಿಟ್ಟೂ ಇಳಿಯುತ್ತದೆ, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರಲ್ಲ. ಹೊಂದಿಕೊಂಡು ಹೋಗು, ನಾನೂ ಹಾಗೇ ಬಾಳಿದೆ. ದೇವರು ನಿನ್ನ ಸಂಸಾರ ತಣ್ಣಗಿಟ್ಟಿರಲಿ.

ನಿನ್ನ ಅವ್ವ,
ಸರ್ವಮಂಗಳ

ತಾ.ಕ.: ಜಯಕ್ಕ ಬಾಗಿಲಲ್ಲಿ ನಿಂತಿದ್ದಾಳೆ, ಬೇರೆ ಕಾಗದ ಬರೆಯಲು ಹೊತ್ತಿಲ್ಲ. ಕವರಿಗೆ ಹಾಕುವ ಮುಂಚೆ, ಅಲ್ಲಿ ಕೊಟ್ಟ ಕರಪತ್ರದಲ್ಲಿ ಆ ಚಿತ್ರವನ್ನು ಕನ್ನಡಕ ಹಾಕಿಕೊಂಡು ಮತ್ತೆ ನೋಡಿದೆ. ನಿನ್ನೆ ನಾಚಿಕೆಗೆ ಬೆನ್ನಿನಿಂದ ಕೆಳಗೆ ಕಣ್ಣು ಹಾಯಿಸಿರಲಿಲ್ಲ. ಎಡ ಮೊಣಕಾಲಿನ ಕೆಳಗೆ ನಾಲ್ಕು ಹೊಲಿಗೆಯ ಗುರುತಿದೆ. ನನ್ನ ಕಾಲಿಗೆ ಯಾವತ್ತೂ ಹೊಲಿಗೆ ಬಿದ್ದಿಲ್ಲ. ಭರಮಸಾಗರದ ಕೆರೆ ಮೆಟ್ಟಿಲಲ್ಲಿ ಜಾರಿ ಬಿದ್ದು ಹೊಲಿಗೆ ಹಾಕಿಸಿಕೊಂಡವಳು ನೀನು. ಹೆತ್ತವಳಾಗಿ ನಿನ್ನ ಮೈ ಗುರುತು ಹಿಡಿಯಲಿಲ್ಲವಲ್ಲೇ. ಮೇಲೆ ಬರೆದದ್ದಕ್ಕೆಲ್ಲ ಗೀಟು ಎಳೆ. ಚಿತ್ರ ಗೋಡೆ ಮೇಲೇ ಇರಲಿ. ಆ ಮನೆಗೆ ಹೋಗಬೇಡ, ಸ್ಕೂಲಿನಿಂದಲೇ ಜಯಕ್ಕನ ಜೊತೆ ಬಂದುಬಿಡು. ಉಪ್ಪು ಬಿಸಿ ಮಾಡಿ ಇಟ್ಟಿರುತ್ತೇನೆ.