ಗಿಟುಕನ ಶ್ವಾಸನಾಳ ಎಷ್ಟು ಅಗಲ?

ಪಶು ಇಲಾಖೆಯ ಮೇಲಧಿಕಾರಿಗಳಾದ ಮಾನ್ಯರೇ,

ಬದುಕುವುದಿಲ್ಲವೆಂದು ತಾವು ಅಪ್ಪಣೆ ಕೊಡಿಸಿದ ಬೆಕ್ಕಿನ ಮರಿ ಈಗ ನಮ್ಮ ಕೊಬ್ಬರಿ ಮಂಡಿಯ ತಕ್ಕಡಿಯ ಮೇಲೆ ಹೊಟ್ಟೆ ತುಂಬ ಹಾಲು ಕುಡಿದು ಮಲಗಿದೆ. ಎಬ್ಬಿಸಿದರೂ ಏಳುತ್ತಿಲ್ಲ. ಈ ಅವಿಧೇಯತೆಗೆ ಮರಿಯ ಪರವಾಗಿ ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ದೂರು ಬೇರೆ. ತಮ್ಮ ಆಸ್ಪತ್ರೆಯಲ್ಲಿ ಎಕ್ಸ್‌ರೇ ಯಂತ್ರ ಮುಸುಕು ಹೊದ್ದು ನಿಂತಿರುವಾಗ ನಾವು ಬುಟ್ಟಿ ಹಿಡಿದು ಹಾಸನಕ್ಕೆ ಯಾಕೆ ಹೋಗಬೇಕಾಯಿತು?

ಕೊಬ್ಬರಿ ವ್ಯಾಪಾರಿಗಳ ಮನೆಯಲ್ಲಿ ಬೆಕ್ಕು ಇರುವುದು ಮುದ್ದಿಗಲ್ಲ ಸ್ವಾಮಿ, ಇಲಿ ಹಿಡಿಯಲಿಕ್ಕೆ. ನಮ್ಮ ಬೆಕ್ಕು ಎರಡು ಮರಿ ಹಾಕಿ, ಅವು ಕಣ್ಣು ಬಿಡುವಷ್ಟರಲ್ಲಿ ಲಾರಿಗೆ ಸಿಕ್ಕಿತು. ನಾನೂ ನನ್ನ ಯಜಮಾನರಾದ ಮರುಳಪ್ಪನವರೂ ಹತ್ತಿಯಲ್ಲಿ ಹಾಲು ಅದ್ದಿ ಸಾಕಿದೆವು. ಹೆಣ್ಣುಮರಿ ಬೆಳ್ಳಿ ದುಂಡಗಾಯಿತು. ಗಂಡುಮರಿ ಗಿಟುಕನಿಗೆ ಮಾತ್ರ ಉಸಿರೆಳೆದರೆ ಗೊರಗೊರ ಸದ್ದು. ಹಾಲು ಕುಡಿಯುವಾಗ ಮತ್ತೆ ಮತ್ತೆ ತಲೆಯೆತ್ತಿ ಬಾಯಿ ತೆರೆಯುತ್ತಿದ್ದ.

ತಮ್ಮ ಆಸ್ಪತ್ರೆಯ ಡಾಕ್ಟರು ಒಳ್ಳೆಯವರು. "ಶ್ವಾಸನಾಳ ಹುಟ್ಟಿನಿಂದಲೇ ಕಿರಿದಾಗಿರಬಹುದು. ಎಕ್ಸ್‌ರೇ ತೆಗೆದು ಅಳೆದರೆ ಗೊತ್ತಾಗುತ್ತೆ" ಎಂದರು. ಯಂತ್ರ ಅವರ ಬೆನ್ನ ಹಿಂದೆಯೇ ಇತ್ತು. ಅದರ ಮೇಲೆ ಆಯುಧಪೂಜೆಯ ಕುಂಕುಮವೂ ಇತ್ತು. ಚಾಲೂ ಮಾಡಲು ತಮ್ಮ ಅನುಮತಿಯೊಂದು ಇರಲಿಲ್ಲ. ಅದೃಷ್ಟಕ್ಕೆ ಅಂದೇ ತಾವು ತಪಾಸಣೆಗೆ ಬಂದಿರಿ. ನೆನಪಿದೆಯೇ?

"ಬೆಕ್ಕಿಗೆಲ್ಲ ಎಕ್ಸ್‌ರೇ ಯಾಕ್ರೀ? ಅದೇನು ಹಾಲು ಕೊಡುತ್ತಾ?" ಎಂದಿರಿ.

"ಇಲ್ಲ ಸಾರ್, ಕುಡಿಯುತ್ತೆ. ಅದೂ ಕಷ್ಟದಲ್ಲಿ" ಎಂದರು ನಮ್ಮ ಯಜಮಾನರು.

"ಇಂಥವು ಬದುಕಲ್ಲ, ಬಿಟ್ಟುಬಿಡಿ" ಎಂದು ಜೀಪು ಹತ್ತಿದಿರಿ. ಮರಿಯತ್ತ ಕಣ್ಣೂ ಹಾಯಿಸದೆ ಅದರ ಆಯಸ್ಸು ಅಳೆದ ತಮ್ಮ ದೃಷ್ಟಿಯ ಮುಂದೆ ಎಕ್ಸ್‌ರೇ ಯಾವ ಲೆಕ್ಕ?

ಮನೆಗೆ ಬಂದು ನಾನು ಅತ್ತೆ. ಮರುಳಪ್ಪನವರು ಬುಟ್ಟಿ ತಂದಿಟ್ಟು, "ಏಳೇ, ಹಾಸನಕ್ಕೆ ಹೋಗೋಣ" ಎಂದರು. ಒಂದನ್ನು ಬಿಟ್ಟು ಒಂದು ಇರುವುದಿಲ್ಲವೆಂದು ಎರಡು ಮರಿಗಳನ್ನೂ ಬಸ್ಸು ಹತ್ತಿಸಿದೆವು.

ಅಲ್ಲಿ ಖಾಸಗಿಯಾಗಿ ಪ್ರಾಣಿಗಳಿಗೆ ಚಿಕಿತ್ಸೆ ಕೊಡುವ ಡಾಕ್ಟರ್ ಸೌಂದರ್ಯ ಗಿಟುಕನ ಎಕ್ಸ್‌ರೇ ತೆಗೆದು ನಾಳದ ಅಗಲ ಅಳೆದರು. "ಇಷ್ಟು ಎಳೇ ಮರಿಗೆ ನಾಳ ಎಷ್ಟು ಅಗಲ ಇರಬೇಕು ಅಂತ ನನಗೂ ಖಚಿತ ಇಲ್ಲಮ್ಮ. ಜೊತೇಲಿ ಹುಟ್ಟಿದ್ದು ಇದ್ದಿದ್ರೆ ಹೋಲಿಸಬಹುದಿತ್ತು."

"ಬುಟ್ಟೀಲೇ ಐತಲ್ಲ ತಾಯಿ!" ಎಂದರು ಮರುಳಪ್ಪನವರು.

ಬೆಳ್ಳಿಗೂ ಎಕ್ಸ್‌ರೇ ಆಯಿತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನಾಳದ ಅಗಲ ಒಂದೇ! "ಶ್ವಾಸನಾಳಕ್ಕೆ ಏನೂ ಆಗಿಲ್ಲ, ಅಡ್ಡ ಇರೋದು ಮೇಲೆ" ಎಂದು ಡಾಕ್ಟರು ಮೂಗಿನ ಹಿಂದಿದ್ದ ಒಂದು ನೆರಳನ್ನು ತೋರಿಸಿದರು. ಬೆಳ್ಳಿಯ ಚಿತ್ರದಲ್ಲಿ ಅದಿರಲಿಲ್ಲ. ಅದೊಂದು ಮಾಂಸದ ಗಂಟು. ಗಿಟುಕನಿಗೆ ಮತ್ತಿನ ಮದ್ದು ಕೊಟ್ಟು ಅದನ್ನು ತೆಗೆಯುವಷ್ಟೂ ಹೊತ್ತು ನಾನು ಹೊರಗೆ ಸೆರಗು ಹಿಂಡುತ್ತಿದ್ದೆ. ಮರಿಯನ್ನು ಕೈಗಿತ್ತಾಗ ಅದರ ಮೂಗಿನ ಹತ್ತಿರ ಕಿವಿಯಿಟ್ಟು ಕೇಳಿ ಕೂಗಿಬಿಟ್ಟೆ.

"ಅಯ್ಯೋ, ಸದ್ದೇ ಇಲ್ಲವಲ್ಲಮ್ಮ!"

"ಉಸಿರಾಟ ಅಂದ್ರೆ ಹೀಗೇ ಇರಬೇಕು ಶಾಂತಮ್ಮ" ಎಂದು ಅವರು ನಕ್ಕರು.

ಆದ್ದರಿಂದ ಮಾನ್ಯರೇ, ಆ ಯಂತ್ರದ ಮುಸುಕು ತೆಗೆಸಿ. ಯಾವ ಕಾಯಿಲೆಗೇ ಆಗಲಿ, ಮರಿಗಳಿಗೆ ಎಕ್ಸ್‌ರೇ ತೆಗೆದಾಗಲೆಲ್ಲ ಶ್ವಾಸನಾಳವನ್ನೂ ಅಳೆದು ಬರೆದಿಡಿಸಿ. ಎಳೇ ಬೆಕ್ಕಿಗೆ ಎಷ್ಟಿರಬೇಕೆಂಬುದು ಮುಂದೆ ಬರುವ ಡಾಕ್ಟರಿಗಾದರೂ ತಿಳಿದಿರಲಿ. ಎಲ್ಲರ ಬುಟ್ಟಿಯಲ್ಲೂ ತಂಗಿ ಇರುವುದಿಲ್ಲ.

ಇಂತಿ,
ಗಿಟುಕನಿಗೆ ಶಕ್ತಿ ಬಂದ ಮೇಲೆ ಮೊಣಕೈವರೆಗೂ ಪರಚಿಸಿಕೊಂಡಿರುವ
ಶಾಂತಾದೇವಿ
ಅರಸೀಕೆರೆ