ಆರತಿ ತಟ್ಟೆ ಹಿಡಿದು ನಿಂತವರಿಗೆ

ಹಿರಿಯೂರು
12 ಅಕ್ಟೋಬರ್ 2024, ವಿಜಯದಶಮಿ
ಮಧ್ಯಾಹ್ನ ಎರಡು ಗಂಟೆ

ರೇವಂತನ ಅಪ್ಪನಿಗೆ,

ನಾನು, ರೇವಂತ, ಕವನಾ ಮೂವರೂ ಚೆನ್ನಾಗಿದ್ದೇವೆ. ನೀವು ಹೇಗಿದ್ದೀರಿ ಎಂದು ಕೇಳುವ ಮನಸ್ಸು ಈ ಹೊತ್ತು ನನಗಿಲ್ಲ. ಹನ್ನೆರಡು ದಾಟಿ ಎರಡು ಗಂಟೆಯಾಯಿತು. ಶಿರಾ ರಸ್ತೆಯ ಆ ಹಾಸ್ಟೆಲ್ ಶಾಲೆಯವರು ರೇವಂತನ ಸೀಟನ್ನು ಇಷ್ಟು ಹೊತ್ತಿಗೆ ಇನ್ನೊಬ್ಬರ ಮಗನಿಗೆ ಕೊಟ್ಟಿರುತ್ತಾರೆ. ಆ ಗಂಟೆ ಕಳೆಯಲಿ ಎಂದೇ ಬರೆಯದೆ ಕಾದಿದ್ದೆ. ಈಗ ನೆಮ್ಮದಿಯಾಗಿ ಬರೆಯುತ್ತಿದ್ದೇನೆ.

ಇಲ್ಲಿ ನಾವು ಇಳಿದುಕೊಂಡ ಲಾಡ್ಜಿನವರ ಫೋನಿನಿಂದ ನಿಮಗೆ ಕರೆ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಒಂದು ಮಾತು ಶುರು ಮಾಡುವಷ್ಟರಲ್ಲಿ ನೀವು ನಾಲ್ಕು ಆಡಿ ಮುಗಿಸಿರುತ್ತೀರಿ. ಮದುವೆಯಾಗಿ ಹತ್ತು ವರ್ಷವಾಯಿತು, ನನ್ನ ಒಂದು ಮಾತನ್ನಾದರೂ ಕೊನೆಯ ತನಕ ಕೇಳಿದ್ದೀರಾ? ಕಾಗದದಲ್ಲಿ ನಿಮಗೆ ಮಧ್ಯೆ ಬಾಯಿ ಹಾಕಲು ಬರುವುದಿಲ್ಲ. ಕೂತು ಓದಿ.

ಬುಧವಾರ ಸಂಜೆ ಹಬ್ಬದ ಬ್ಲೌಸು ತರಲು ಕುರುಬರಹಳ್ಳಿ ಸರ್ಕಲ್ಲಿನ ಟೈಲರ್ ಶಿವಬಸಪ್ಪನವರ ಅಂಗಡಿಗೆ ಹೋಗಿದ್ದೆ. ಅವರು ಬ್ಲೌಸಿನ ಜೊತೆಗೆ ಒಂದು ಬಟ್ಟೆಯ ಗಂಟನ್ನೂ ಕೈಗಿಟ್ಟರು. ಸಾರ್ ಹೇಳಿದ ಹಾಗೆ ಎಲ್ಲದಕ್ಕೂ ನಂಬರು ಹೊಲಿದಿದ್ದೇನೆ, ಇಷ್ಟು ಚಿಕ್ಕ ಹುಡುಗನನ್ನು ಹಾಸ್ಟೆಲಿಗೆ ಬಿಡಲು ನಿಮಗೆ ಬೇಜಾರಾಗುವುದಿಲ್ಲವೇನಮ್ಮ ಎಂದು ಕೇಳಿದರು. ಆರು ನೀಲಿ ಅಂಗಿ, ಆರು ಚಡ್ಡಿ, ಎರಡು ಟವೆಲು. ಒಂದೊಂದರ ಮೇಲೂ ಕೆಂಪು ದಾರದಲ್ಲಿ ಮೂವತ್ತೊಂದು. ನನ್ನ ಮಗನಿಗೆ ನಂಬರು ಬಿದ್ದಿರುವುದು ಟೈಲರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವಳ ಹಾಗೆ ನಕ್ಕು, ಏನು ಮಾಡುವುದು ಹೇಳಿ ಎಂದೆ. ಆ ಸುಳ್ಳು ನಗು ನಗಿಸಿದ್ದಕ್ಕೆ ನಿಮ್ಮನ್ನು ನಾನು ಸುಲಭಕ್ಕೆ ಬಿಡುವುದಿಲ್ಲ.

ಗಂಟನ್ನು ತಂದು ಕಾರಿನ ಡಿಕ್ಕಿಯಲ್ಲಿಟ್ಟೆ. ಆಮೇಲೆ ಕಾರನ್ನೆಲ್ಲ ಹುಡುಕಿದೆ. ಮುಂದಿನ ಡ್ರಾಯರಿನಲ್ಲಿ, ಇನ್ಶೂರೆನ್ಸ್ ಕಾಗದದ ಕೆಳಗೆ, ಶಾಲೆಯ ಪತ್ರ ಸಿಕ್ಕಿತು. ಯಾರೋ ಬಿಟ್ಟುಹೋದ ಒಂದೇ ಒಂದು ಸೀಟು ಖಾಲಿ ಇದೆ, ವಿಜಯದಶಮಿ ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಹುಡುಗನನ್ನು ಕರೆತಂದು ಸೇರಿಸಬೇಕು, ಬಾರದಿದ್ದರೆ ಮುಂದಿನವರಿಗೆ ಹೋಗುತ್ತದೆ ಎಂದು ಬರೆದಿತ್ತು. ಕೆಳಗೆ ನಿಮ್ಮ ಸಹಿ. ತಾಯಿಯ ಸಹಿಯ ಜಾಗದಲ್ಲೂ ನಿಮ್ಮದೇ ಕೈಬರಹ.

ನೀವೇ ಹೇಳುತ್ತೀರೇನೋ ಎಂದು ಎರಡು ದಿನ ಕಾದೆ. ಬುಧವಾರ ಮುದ್ದೆ ಬಡಿಸಿ ಎದುರಿಗೆ ಕೂತೆ. ನೀವು ಹೂವಿನ ರೇಟಿನ ಬಗ್ಗೆ ಮಾತಾಡಿದಿರಿ. ಗುರುವಾರ ನಾನೇ ಬಾಯಿ ಬಿಟ್ಟು, ರಜೆಯಲ್ಲಿ ಮಕ್ಕಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗೋಣವಾ ಎಂದೆ. ಶನಿವಾರ ರೇವಂತನನ್ನು ನಾನೊಬ್ಬನೇ ಒಂದು ಸುತ್ತು ಹಾಕಿಸಿಕೊಂಡು ಬರುತ್ತೇನೆ ಎಂದಿರಿ. ಬರುತ್ತೇನೆ ಎಂದಿರೇ ಹೊರತು ಬರುತ್ತೇವೆ ಎನ್ನಲಿಲ್ಲ. ಆ ಹೊತ್ತಿಗೆ ನನ್ನ ಮನಸ್ಸು ಗಟ್ಟಿಯಾಯಿತು.

ಅವನು ಮಾಡಿದ ತಪ್ಪಾದರೂ ಏನು? ನಿಮ್ಮ ಶೆಡ್ಡಿಗೆ ಆರ್ಡರ್ ಕೊಡಲು ಬಂದ ಪಾರ್ಟಿಯ ಮುಂದೆ ಏಳರ ಮಗ್ಗಿ ಹೇಳು ಎಂದಿರಿ, ಅವನು ಏಳೈದಲ ಹತ್ತಿರ ನಿಂತುಬಿಟ್ಟ. ಅಷ್ಟಕ್ಕೇ ನಿಮ್ಮ ಮಾನ ಹೋಯಿತು. ಇವನು ನಿನ್ನ ಸೆರಗು ಹಿಡಿದುಕೊಂಡೇ ಹಾಳಾಗುತ್ತಾನೆ ಎಂದು ಅವತ್ತೆಲ್ಲ ಕೂಗಾಡಿದಿರಿ. ಏಳು ವರ್ಷಕ್ಕೇ ಹಾಸ್ಟೆಲಿಗೆ ಬಿದ್ದದ್ದರಿಂದಲೇ ನಾನು ಮನುಷ್ಯನಾದೆ ಎಂದು ಎಲ್ಲರಿಗೂ ಹೇಳಿಕೊಳ್ಳುತ್ತೀರಿ. ಮದುವೆಯಾದ ಹೊಸದರಲ್ಲಿ ನನಗೆ ಬೇರೆಯೇ ಹೇಳಿದ್ದಿರಿ. ಶನಿವಾರ ಬಂದರೆ ಊಟ ಬಿಟ್ಟು ಗೇಟಿನ ಸರಳು ಹಿಡಿದು ನಿಂತಿರುತ್ತಿದ್ದೆ, ಯಾರೂ ಬರುತ್ತಿರಲಿಲ್ಲ ಎಂದಿದ್ದಿರಿ. ಅದನ್ನು ಮರೆತವರು ನೀವು, ನಾನಲ್ಲ.

ನಿನ್ನೆಯ ವಿಷಯಕ್ಕೆ ಬರುತ್ತೇನೆ. ನಿಮಗೆ ಇದು ಓದಲು ಕಷ್ಟವಾಗಲಿ ಎಂದೇ ಬಿಡಿಸಿ ಬರೆಯುತ್ತಿದ್ದೇನೆ.

ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿ ಆಯುಧಪೂಜೆ ಎಂದರೆ ನಿಮಗೆ ನಿಮ್ಮ ಮದುವೆಗಿಂತ ದೊಡ್ಡದು. ಲೇತ್ ಮಿಷಿನ್ನಿಗೆ ಹೂವಿನ ಹಾರ, ಕೆಲಸದವರಿಗೆಲ್ಲ ಕಡಲೆಪುರಿ, ಬೂಂದಿ, ಹೊಸ ಬಟ್ಟೆ. ಮಾವನವರು ಹಾಕಿಕೊಟ್ಟ ಕಟ್ಟುನಿಟ್ಟು ಬೇರೆ. ಪೂಜೆಗಿಟ್ಟ ಮಿಷಿನ್ನಾಗಲಿ, ಗಾಡಿಯಾಗಲಿ, ಮಾರನೆಯ ಬೆಳಗಿನ ಮಂಗಳಾರತಿಯವರೆಗೆ ಅಲುಗಾಡಬಾರದು. ಅದಕ್ಕೇ ನಿಮ್ಮ ಬೈಕು, ಗೂಡ್ಸ್ ಆಟೋ, ನಿಮ್ಮ ಕೆಲಸದ ಬಾಳೇಶನ ಸ್ಕೂಟರು, ಎಲ್ಲದರ ಕೀಲಿಯನ್ನೂ ತಟ್ಟೆಯಲ್ಲಿಟ್ಟು ಕುಂಕುಮ ಹಚ್ಚಿ ಲೇತಿನ ಮುಂದೆ ಇಟ್ಟಿದ್ದಿರಿ. ಕಾರಿನದೊಂದು ಬಾಕಿ. ರಾಹುಕಾಲಕ್ಕೆ ಮೊದಲೇ ಮುಗಿಯಬೇಕು, ಬೇಗ ಬೇಗ ಹೂ ಕಟ್ಟು ಎಂದು ಅದರ ಕೀಲಿಯನ್ನು ನನ್ನ ಕೈಗೆ ಕೊಟ್ಟಿರಿ.

ದೇವರಾಣೆಗೂ ಅಲ್ಲಿಯವರೆಗೆ ನಾನು ಏನನ್ನೂ ಯೋಚಿಸಿರಲಿಲ್ಲ. ಬಂಪರಿಗೆ ಬಾಳೆಕಂದು ಕಟ್ಟಿದೆ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟೆ. ಮಕ್ಕಳಿಬ್ಬರೂ ಆಟಕ್ಕೆಂದು ಹಿಂದಿನ ಸೀಟಿನಲ್ಲಿ ಕೂತಿದ್ದರು. ಒಳಗೆ ಗಂಟೆ ಶುರುವಾಯಿತು. ಕೈಯಲ್ಲಿ ಕೀಲಿ ಇತ್ತು. ಕಾರಿಗೆ ಇನ್ನೂ ಆರತಿಯಾಗಿರಲಿಲ್ಲ, ಆದ್ದರಿಂದ ಅದಕ್ಕೆ ನಿಮ್ಮ ಕಟ್ಟುನಿಟ್ಟೂ ಇರಲಿಲ್ಲ. ಒಳಗೆ ಬಂದು ನನ್ನ ಫೋನನ್ನು ಕೀಲಿಗಳ ತಟ್ಟೆಯಲ್ಲಿಟ್ಟು ಕೈಮುಗಿದೆ. ಎಷ್ಟು ಭಕ್ತಿ ಎಂದುಕೊಂಡಿರಬೇಕು ನೀವು. ಹೊರಗೆ ಬಂದು ಕಾರು ಹತ್ತಿ ಸ್ಟಾರ್ಟ್ ಮಾಡಿದೆ. ನಾಲ್ಕು ನಿಂಬೆಹಣ್ಣೂ ಸರಿಯಾಗಿ ಒಡೆದವು.

ಉರಿಯುವ ಆರತಿ ತಟ್ಟೆ ಹಿಡಿದುಕೊಂಡು ನೀವು ಬಾಗಿಲಿಗೆ ಓಡಿಬಂದದ್ದನ್ನು ಕನ್ನಡಿಯಲ್ಲಿ ನೋಡಿದೆ. ಕೆಳಗಿಡುವ ಹಾಗಿಲ್ಲ, ಎಸೆಯುವ ಹಾಗಿಲ್ಲ. ಹಿಂದೆ ಪಾರ್ಟಿಗಳು, ಕೆಲಸದವರು, ಅವರ ಹೆಂಡಿರು ಮಕ್ಕಳು ಎಲ್ಲ ನಿಂತಿದ್ದರು. ಅಟ್ಟಿಸಿಕೊಂಡು ಬರೋಣವೆಂದರೆ ಒಂದು ಗಾಡಿಯೂ ಅಲುಗಾಡುವಂತಿಲ್ಲ. ಸುಮನಹಳ್ಳಿ ದಾಟುವವರೆಗೂ ನಾನು ನಗುತ್ತಲೇ ಇದ್ದೆ.

ಇವಳಿಗೆ ಕಾರು ಬಿಡಲು ಯಾವಾಗ ಬಂತು ಎಂದು ನೀವು ತಲೆ ಕೆಡಿಸಿಕೊಂಡಿರುತ್ತೀರಿ. ಲೈಸೆನ್ಸ್ ಮಾಡಿಸಿದ ವರ್ಷ ಒಂದೇ ಒಂದು ದಿನ ಸ್ಟೇರಿಂಗು ಕೊಟ್ಟು, ಗೇರ್‌ಬಾಕ್ಸ್ ಹಾಳು ಮಾಡಿದೆ ಎಂದು ನಡುರಸ್ತೆಯಲ್ಲಿ ಇಳಿಸಿದ್ದಿರಲ್ಲ, ನೆನಪಿದೆಯಾ? ಜೂನ್ ತಿಂಗಳಿಂದ ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದದ್ದು ಈ ಕಾರಿನಲ್ಲೇ. ನೀವು ಬೈಕು ಹತ್ತಿ ಹೋದ ಮೇಲೆ ತೆಗೆಯುತ್ತಿದ್ದೆ, ಅದೇ ಜಾಗದಲ್ಲಿ ಅದೇ ಥರ ತಂದು ನಿಲ್ಲಿಸುತ್ತಿದ್ದೆ. ಬೀದಿಗೆಲ್ಲ ಗೊತ್ತಿತ್ತು.

ಎಲ್ಲಿಗೆ ಹೋಗುವುದೆಂದು ಮಾತ್ರ ಗೊತ್ತಿರಲಿಲ್ಲ. ತುಮಕೂರು ರಸ್ತೆ ಸಿಕ್ಕಿತು, ಹಿಡಿದೆ. ಒಂದೊಂದು ಟೋಲ್ ದಾಟಿದಾಗಲೂ ನಿಮ್ಮ ಮೊಬೈಲಿಗೆ ಮೆಸೇಜು ಹೋಗುವುದನ್ನು ನೆನೆದುಕೊಂಡೆ. ದಾಬಸ್‌ಪೇಟೆಯ ಹತ್ತಿರ ಕಾರು ನಿಲ್ಲಿಸಿ, ಮೂರು ವರ್ಷದಿಂದ ನೀವು ಬಿಚ್ಚಲು ಬಿಡದ ಸೀಟಿನ ಪ್ಲಾಸ್ಟಿಕ್ ಕವರುಗಳನ್ನು ಕಿತ್ತು ತೊಟ್ಟಿಗೆ ಹಾಕಿದೆ. ಕವನಾ ಹೊಸ ಸೀಟಿನ ಮೇಲೆ ಖಾರದ ಪುರಿ ಚೆಲ್ಲಿಕೊಂಡು ತಿಂದಳು. ನಾನೇ ಇನ್ನಷ್ಟು ತಿನ್ನು ಎಂದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ರೇವಂತ ಮುಟ್ಟಲಿಲ್ಲ. ಕಾರಿನ ಓಲಾಟಕ್ಕೆ ಹೊಟ್ಟೆ ತೊಳಸುತ್ತಿರಬೇಕೆಂದು ನಾನು ಬಲವಂತ ಮಾಡಲಿಲ್ಲ. ಎಲ್ಲಿಗೆ ಹೋಗ್ತಿದೀವಿ ಎಂದು ಒಮ್ಮೆ ಕೇಳಿದ. ನಿಂಗೆ ಗೊತ್ತಾಗುತ್ತೆ ಸುಮ್ನಿರು ಎಂದು ಕಣ್ಣು ಮಿಟುಕಿಸಿದೆ.

ಶಿರಾ ಇನ್ನೂ ದೂರವಿರುವಾಗ ಆ ಶಾಲೆಯ ಕಮಾನು ಕಾಣಿಸಿತು. ಬೇಕೆಂದೇ ಕಾರು ನಿಧಾನ ಮಾಡಿದೆ. ಗೇಟು, ಅದರಾಚೆಯ ಉದ್ದನೆಯ ಕಟ್ಟಡ, ತಂತಿಯ ಮೇಲೆ ಸಾಲಾಗಿ ನೇತುಹಾಕಿದ ನೀಲಿ ಅಂಗಿಗಳು, ಎಲ್ಲವನ್ನೂ ಕಣ್ತುಂಬ ನೋಡಿ, ನಿಮ್ಮ ಯೋಜನೆಗೆ ಇಷ್ಟೇ ಬೆಲೆ ಎಂದುಕೊಂಡು ಮುಂದೆ ಹೋದೆ. ರೇವಂತ ಹಿಂದೆ ಕಣ್ಣು ಮುಚ್ಚಿ ಮಲಗಿದ್ದ.

ಹಿರಿಯೂರಿನಲ್ಲಿ ಲಾಡ್ಜು ಹಿಡಿದೆ. ಮಕ್ಕಳ ಬಟ್ಟೆ ತಂದಿರಲಿಲ್ಲ. ಕವನಾಳಿಗೆ ಬಸ್‌ಸ್ಟ್ಯಾಂಡಿನ ಎದುರು ಒಂದು ಫ್ರಾಕು ಕೊಂಡೆ. ರೇವಂತನಿಗೆ ಶಿವಬಸಪ್ಪ ಹೊಲಿದ ಅಂಗಿಯನ್ನೇ ಹಾಕಿದೆ, ಮೂವತ್ತೊಂದನ್ನು ಹಲ್ಲಿನಿಂದ ಕಚ್ಚಿ ಕಿತ್ತು. ಆ ಕೆಂಪು ದಾರ ಬಾಯಿಗೆ ಸಿಕ್ಕಾಗ ನಿಮ್ಮನ್ನೇ ಕಚ್ಚಿದಷ್ಟು ಖುಷಿಯಾಯಿತು. ಇವತ್ತು ಬೆಳಿಗ್ಗೆ ಮಾರಿಕಣಿವೆ ಡ್ಯಾಮಿಗೆ ಕರೆದೊಯ್ದೆ. ಸರಿಯಾಗಿ ಹನ್ನೆರಡಕ್ಕೆ ಕಟ್ಟೆಯ ಮೇಲೆ ನಿಂತು ಮಕ್ಕಳಿಗೆ ಐಸ್ ಕ್ಯಾಂಡಿ ಕೊಡಿಸಿದೆ. ಯಾಕೆಂದು ಅವರಿಗೆ ಹೇಳಲಿಲ್ಲ. ಹಾಸ್ಟೆಲಿನ ಹೆಸರೂ ಅವನ ಕಿವಿಗೆ ಬೀಳಬಾರದು, ಇದು ಬರೀ ರಜೆಯ ಟ್ರಿಪ್ಪು ಎಂದೇ ಅವನ ಮನಸ್ಸಿನಲ್ಲಿ ಉಳಿಯಲಿ ಎಂದು ನನ್ನ ಆಸೆ. ಈಗ ಇಬ್ಬರೂ ಮಲಗಿದ್ದಾರೆ.

ಇನ್ನು ನಿಮ್ಮ ಪಾಡು. ಇವತ್ತು ಹಬ್ಬ, ನಾಳೆ ಭಾನುವಾರ. ಸೋಮವಾರ ಅಂಚೆಗೆ ಬಿದ್ದರೆ ನಿಮಗೆ ಇದು ಬುಧವಾರ ಸಿಗಬಹುದು. ಅಲ್ಲಿಯವರೆಗೆ ಆ ಟೋಲಿನ ಮೆಸೇಜು ಬಿಟ್ಟು ಬೇರೇನೂ ತಿಳಿಯದೆ ಕಾಯಿರಿ. ಕಾಯುವುದು ಹೇಗಿರುತ್ತದೆ ಎಂದು ನಿಮಗೂ ಗೊತ್ತಾಗಲಿ. ರಜೆ ಮುಗಿಯುವುದು ಇಪ್ಪತ್ತಕ್ಕೆ, ಆಮೇಲೆ ಬರುತ್ತೇವೆ. ಬಂದ ದಿನ ನೀವು ನಿಮ್ಮ ಕೆಲಸದವರ ಮುಂದೆ, ಅದೇ ಲೇತಿನ ಎದುರು ನಿಂತು, ಮಗನನ್ನು ಎಲ್ಲಿಗೂ ಕಳಿಸುವುದಿಲ್ಲ ಎಂದು ಬಾಯಿ ಬಿಟ್ಟು ಹೇಳಬೇಕು. ಹೇಳದಿದ್ದರೆ ಕಾರನ್ನು ಹಾಗೇ ತಿರುಗಿಸುತ್ತೇನೆ.

ಪತ್ರದ ಕೊನೆಗೆ ‘ನಿಮ್ಮ’ ಎಂದು ಬರೆಯಲು ಕೈ ಬರುತ್ತಿಲ್ಲ.

ಇಂತಿ,
ರೇವಂತ, ಕವನಾರ ತಾಯಿ
ಕುಸುಮಾ

ಮರೆತ ಮಾತು: ಮರೆತದ್ದಲ್ಲ, ಬರೆದು ಮುಗಿಸಿದ ಮೇಲೆ ಗೊತ್ತಾದದ್ದು. ಲಕೋಟೆ ತರಲು ಎದ್ದಾಗ ಕವನಾ ನಾನೂ ಬರ್ತೀನಿ ಎಂದು ಹಟ ಹಿಡಿದಳು. ರೇವಂತನಿಗೂ ಎಚ್ಚರವಾಗಿತ್ತು. ನೀನು ಇಲ್ಲೇ ಇರು ಎಂದು ಹೇಳಿ ಅವಳನ್ನು ಎತ್ತಿಕೊಂಡು ಹೋದೆ. ಹದಿನೈದು ನಿಮಿಷವಾಗಿರಬೇಕು. ವಾಪಸು ಬಂದಾಗ ಅವನು ಆ ನೀಲಿ ಅಂಗಿಯಲ್ಲಿ, ಬೂಟು ಹಾಕಿಕೊಂಡು, ಮಿಕ್ಕ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ತುದಿಗೆ ಕೂತಿದ್ದ. ನನ್ನನ್ನು ನೋಡಿ ಬೆಚ್ಚಿಬಿದ್ದ.

ಅವನಿಗೆ ಎಲ್ಲ ಗೊತ್ತಿತ್ತಂತೆ. ಹೋದ ತಿಂಗಳು ಕಟಿಂಗ್ ಶಾಪಿಗೆಂದು ಕರೆದುಕೊಂಡು ಹೋದ ಭಾನುವಾರ ನೀವು ಅವನಿಗೆ ಆ ಶಾಲೆಯ ವಿಷಯ ತಿಳಿಸಿ, ಅಮ್ಮನಿಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿರಂತೆ. ನನ್ನ ಡ್ರೈವಿಂಗಿನ ಗುಟ್ಟನ್ನು ನಿಮಗೆ ಹೇಳಲಿಲ್ಲ, ನಿಮ್ಮ ಗುಟ್ಟನ್ನು ನನಗೆ ಹೇಳಲಿಲ್ಲ. ನಿನ್ನೆ ನಾನು ಗಾಡಿ ತೆಗೆದಾಗಿನಿಂದ ಅವನು, ಅಮ್ಮನೇ ನನ್ನನ್ನು ಬಿಡಲು ಹೊರಟಿದ್ದಾಳೆ ಎಂದುಕೊಂಡಿದ್ದ. ಈ ಲಾಡ್ಜೇ ಹಾಸ್ಟೆಲು ಎಂದುಕೊಂಡಿದ್ದ.

“ಕಿಟಕೀಲಿ ನೋಡ್ತಾನೇ ಇದ್ದೆ ಅಮ್ಮ. ನೀನು ತಿರುಗಿ ನೋಡ್ಲೇ ಇಲ್ಲ. ಅಮ್ಮಂದಿರು ತಿರುಗಿ ನೋಡಲ್ಲ, ನೀನು ಅಳ್ಬಾರ್ದು ಅಂತ ಅಪ್ಪ ಹೇಳಿದ್ರು. ನಾನು ಅಳ್ಲಿಲ್ಲ,” ಎಂದ.

ಸೀಟು ಹೋಯಿತು, ನಿನ್ನನ್ನು ಎಲ್ಲಿಗೂ ಬಿಡುವುದಿಲ್ಲ ಎಂದು ಹತ್ತು ಸಲ ಹೇಳಿದೆ. ಹೂಂ ಎನ್ನುತ್ತಾನೆ. ಬೂಟು ಬಿಚ್ಚಲು ಹೋದರೆ ಮಾತ್ರ ಕಾಲು ಎಳೆದುಕೊಳ್ಳುತ್ತಾನೆ.