ರಾಣಿಯ ಉಳಿದ ಅರ್ಧ

27 ಫೆಬ್ರವರಿ 2008

ಬಿಬವೇವಾಡಿಯಿಂದ ವಿಮಾನ ನಗರ — ಎರಡು ಬಸ್, ಎರಡರಲ್ಲೂ ನಿಂತೇ ಬಂದೆ. ಮಾಲ್‌ನಲ್ಲಿ ಎ.ಸಿ., ಹಲ್ಲು ಕಿರಿಯುವ ಕೆಲಸ. ಗಿರಾಕಿ ಇಲ್ಲ. ನಮ್ಮ ಗೇಮ್ ಅಂಗಡಿಯ ಡೆಮೊ ಕಂಪ್ಯೂಟರಿನಲ್ಲಿ ಹೊಸ ಗೇಮ್ ಆಡಿ ಮುಗಿಸಿದೆ, ಒಬ್ಬ ರಾಣಿಯ ಕತೆಯದು. ಐದೇ ತಾಸು! ಡಬ್ಬಿಯ ಮೇಲೆ ಇಪ್ಪತ್ತು ಅಂತ ಅಚ್ಚು ಹಾಕಿದ್ದಾರೆ. ರಾಣಿ ಕೋಟೆಯ ಬಾಗಿಲಿಗೆ ಬರುತ್ತಾಳೆ, ಬೀಗ ತೆಗೆಯುತ್ತಾಳೆ... ಅಷ್ಟೇ. ಮುಂದಿನದು ಬರುವ ವರ್ಷ, ಬೇರೆ ಡಬ್ಬಿ, ಬೇರೆ ದುಡ್ಡು. ಇದಕ್ಕೆ ಒಂದೂವರೆ ಸಾವಿರ! ಅರ್ಧ ಕಟ್ಟಿದ ಮನೆಗೆ ಪೂರ್ತಿ ಬಾಡಿಗೆ. ಥೂ.

ಕೆಳಗಿನ ರ‍್ಯಾಕ್‌ನಲ್ಲಿ ಹಳೇ ಗೇಮ್‌ಗಳಿವೆ, ಇನ್ನೂರೈವತ್ತಕ್ಕೆ ಒಂದು. ಮೂರು ತಿಂಗಳು ಆಡಿದರೂ ಮುಗಿಯುವುದಿಲ್ಲ. ಅವನ್ನು ತೋರಿಸಬೇಡ ಅಂತ ಮ್ಯಾನೇಜರ್ ಸ್ವಪ್ನಿಲ್‌ನ ಹುಕುಂ.

29 ಫೆಬ್ರವರಿ

‘ರೇಣು, ಟಾರ್ಗೆಟ್‌ಚಂ ಕಾಯ್ ಝಾಲಂ?’ — ಟಾರ್ಗೆಟ್ ಏನಾಯಿತು ಅಂತ ಬೆಳಗ್ಗೆಯಿಂದ ಸ್ವಪ್ನಿಲ್ ಕೇಳಿದ್ದು ನಾಲ್ಕು ಸಲ. ಈ ತಿಂಗಳ ಲೆಕ್ಕಕ್ಕೆ ಹೊಸ ಗೇಮ್‌ನ ಒಂದೇ ಒಂದು ಡಬ್ಬಿ ಕಡಿಮೆ. ಅದು ಹೋಗದಿದ್ದರೆ ಕೆಲಸ ಪರ್ಮನೆಂಟ್ ಆಗುವುದಿಲ್ಲ, ನಾಳೆಯಿಂದ ಮನೆ.

ಅವ್ವನ ಜೊತೆ ಫೋನಿನಲ್ಲಿ ಕನ್ನಡದಲ್ಲಿ ಮಾತಾಡುತ್ತಿದ್ದೆ. ಎದುರಿಗೆ ಬಂದು ನಿಂತ ಹಿರಿಯರ ಮುಖ ಅರಳಿತು. ‘ಏನವಾ, ನಮ್ಮ ಕಡೀದಾಕಿ!’ ಹೆಸರು ಅಪ್ಪಾಸಾಹೇಬ. ದೌಂಡದಲ್ಲಿ ರೈಲ್ವೆ ಗುಮಾಸ್ತರಾಗಿದ್ದವರು. ಹೆಂಡತಿ ಪಾರವ್ವ ಸೊಂಟ ಮುರಿದುಕೊಂಡು ಎರಡು ತಿಂಗಳಿಂದ ಹಾಸಿಗೆಯಲ್ಲಿ. ಅಳಿಯನ ಹಳೇ ಲ್ಯಾಪ್‌ಟಾಪ್‌ನಲ್ಲಿ ಆಕೆ ಗೇಮ್ ಆಡುತ್ತಾರಂತೆ.

‘ಆಡೂ ಮುಂದ ಆಕಿಗೆ ನೋವು ಮರೀತದ ತಂಗಿ. ಭಾಳ ದಿನಾ ಬರೂವಂಥಾದ್ದು ಕೊಡು.’

ಕೆಳಗಿನ ರ‍್ಯಾಕ್ ನನ್ನ ಕಾಲಿಗೆ ತಾಗುತ್ತಿತ್ತು. ರಾಣಿಯ ಡಬ್ಬಿ ಕೊಟ್ಟೆ. ‘ಇಪ್ಪತ್ತು ತಾಸು ಆಡಬಹುದ್ರಿ ಕಾಕಾ.’

‘ನೀ ಹೇಳಿದ ಮ್ಯಾಲ ಮುಗೀತು’ ಅಂದರು.

ಟಾರ್ಗೆಟ್ ಆಯಿತು. ಬುತ್ತಿ ಬಿಚ್ಚದೇ ಮನೆಗೆ ತಂದೆ.

7 ಮಾರ್ಚ್

ಅಪ್ಪಾಸಾಹೇಬ ಮತ್ತೆ ಬಂದರು. ಬಯ್ಯಲಿ, ಬೈಸಿಕೊಂಡರಾಯಿತು ಅಂದುಕೊಂಡೆ. ಬಯ್ಯಲಿಲ್ಲ. ಅತ್ತಿತ್ತ ನೋಡಿ, ಸಣ್ಣ ದನಿಯಲ್ಲಿ —

‘ತಂಗಿ, ಒಂದು ಡಿಸ್ಕ್ ಹಾಕೋದು ಮರ್ತಿಯೇನ? ಐದು ತಾಸಿಗೇ ಮುಗೀತು. ಉಳಿದರ್ಧಾ ಕೊಡು. ಫೋನ್ ಮಾಡಿದ್ರ ನಿಮ್ಮ ಸಾಹೇಬಗ ಗೊತ್ತಾಗಿ ನಿನ್ನ ಬೈತಾನಂತ ನಾನೇ ಬಂದೆ.’

ಸ್ವಪ್ನಿಲ್ ಪಕ್ಕದಲ್ಲೇ ನಿಂತಿದ್ದ. ನನ್ನ ಪರ್ಮನೆಂಟ್ ಲೆಟರ್ ಅವನ ಸಹಿಗೆ ಕಾಯುತ್ತಿತ್ತು.

‘ಹೌದ್ರಿ ಕಾಕಾ, ಮರ್ತೇನಿ. ತರಸ್ತೀನ್ರಿ.’

ಎಂಥ ನಾಲಗೆ ನನ್ನದು! ಸುಟ್ಟುಹೋಗಬಾರದೇ?

15 ಮಾರ್ಚ್

ಲೆಟರ್ ಬಂತು. ಅವ್ವ ಶಿರಾ ಮಾಡಿದಳು.

ಮಧ್ಯಾಹ್ನ, ಅವತ್ತು ಕೊಟ್ಟ ನನ್ನ ನಂಬರಿಗೆ ಅಪ್ಪಾಸಾಹೇಬರ ಫೋನ್. ‘ಬಂತೇನವಾ?’

‘ಬರೋ ವಾರ್ರಿ.’

24 ಮಾರ್ಚ್

ಮತ್ತೆ ಫೋನ್. ಮತ್ತೆ ಬರೋ ವಾರ.

2 ಏಪ್ರಿಲ್

ಕಾಲೇಜು ಹುಡುಗಿಯೊಬ್ಬಳು ರಾಣಿಯ ಡಬ್ಬಿ ಹಿಡಿದು, ಇಷ್ಟು ದುಡ್ಡಿಗೆ ತಕ್ಕದ್ದೇನಾ ಅಂತ ಕೇಳಿದಳು. ಅಲ್ಲ ಅಂದೆ. ಕೆಳಗಿನ ರ‍್ಯಾಕ್ ತೋರಿಸಿದೆ. ಸ್ವಪ್ನಿಲ್ ಕೆಕ್ಕರಿಸಿ ನೋಡಿದ. ನೋಡಲಿ. ಲೆಟರ್ ಕೈಗೆ ಬಂದ ಮೇಲೆ ಎಲ್ಲರೂ ಸತ್ಯವಂತರೇ! ಅವತ್ತೇ ತೋರಿಸಿದ್ದರೆ ಏನು ಹೋಗುತ್ತಿತ್ತು? ಕೆಲಸ ಹೋಗುತ್ತಿತ್ತು. ಹೌದು. ಅದೇ.

11 ಏಪ್ರಿಲ್

ಫೋನ್ ನಿಂತು ಎರಡು ವಾರಕ್ಕೂ ಹೆಚ್ಚಾಗಿತ್ತು. ಬಿಟ್ಟರು, ಸದ್ಯ ಅಂದುಕೊಂಡಿದ್ದೆ. ಇವತ್ತು ಕೌಂಟರ್ ಮುಂದೆ ಅವರೇ. ಗಡ್ಡ ಬಿಟ್ಟಿದ್ದರು.

‘ಡಿಸ್ಕ್ ಬ್ಯಾಡ ಬಿಡು ತಂಗಿ. ನಾಡದು ಆಕಿದು ಎರಡನೇ ಆಪರೇಶನ್ ಅದ. ಭಾಳ ಅಂಜ್ಯಾಳ. ಬಾಗಲಾ ತಗದ ಮ್ಯಾಲ ಒಳಗ ಏನಿತ್ತು, ಅಷ್ಟು ಕೇಳ್ಕೊಂಡು ಬರ್ರಿ ಅಂದಾಳ. ನೀ ಆಡಿರ್ತೀಯಲ್ಲ, ಬಾಯಿಲೇ ಹೇಳು. ನಾ ಹೋಗಿ ಹೇಳ್ತೀನಿ.’

ಏನಾದರೊಂದು ಕಟ್ಟಿ ಹೇಳಬಹುದಿತ್ತು. ಸುಳ್ಳಿಗೇನು ಬರವೇ ನನ್ನಲ್ಲಿ? ಆದರೆ ಆ ಮುಖ ನೋಡಿ ಬಾಯಿ ಬರಲಿಲ್ಲ.

‘ಒಳಗ ಏನೂ ಇಲ್ರಿ ಕಾಕಾ. ಅವರು ಇನ್ನೂ ಮಾಡೇ ಇಲ್ಲ.’

ಕೌಂಟರ್ ಮೇಲಿನ ರಾಣಿಯ ಡಬ್ಬಿ ಎತ್ತಿ, ಅಚ್ಚಾದ ಇಪ್ಪತ್ತರ ಮೇಲೆ ಬೆರಳಿಟ್ಟರು.

‘ಇದು ನಿನಗ ಅವತ್ತೇ ಗೊತ್ತಿತ್ತೇನ?’

ಸ್ವಪ್ನಿಲ್ ಬಿಲ್ ಮಾಡಲು ಕರೆದ. ಹೋಗಲಿಲ್ಲ. ನಾನು ಅವರಿಗೆ ‘ಗೊತ್ತಿತ್ರಿ ಕಾಕಾ. ಗೊತ್ತಿದ್ದೇ ಕೊಟ್ಟೆ’ ಅಂದೆ.